ಶಾಸಕರ ಹತ್ತಿರ ಮನವಿ ಹಿಡಿದು ಹೋಗುವ ಮುನ್ನ

ಶಾಸಕರ ಕಚೇರಿಗೆ ದಿನವೂ ಬಂದು ಬೀಳುವ ಮನವಿಗಳಲ್ಲಿ ಹೆಚ್ಚಿನವು ಅಲ್ಲೇ ಹೂತುಹೋಗಲು ಕಾರಣ ಶಾಸಕರ ಅಸಡ್ಡೆಯೊಂದೇ ಅಲ್ಲ. 'ನಮ್ಮ ಊರಿಗೆ ಮೂಲಸೌಕರ್ಯ ಒದಗಿಸಿಕೊಡಬೇಕಾಗಿ ವಿನಂತಿ' ಎಂದು ಬರೆದರೆ ಅದನ್ನು ಯಾವ ಇಲಾಖೆಗೆ ಕಳಿಸಬೇಕು ಎಂಬುದೇ ಆಪ್ತ ಸಹಾಯಕರಿಗೆ ತಿಳಿಯುವುದಿಲ್ಲ. ಶಾಸಕರ ಕೈಯಲ್ಲಿ ನಿಜವಾಗಿ ಇರುವುದು ನಾಲ್ಕೇ ಸಾಧನ: ಅಧಿಕಾರಿಗಳಿಗೆ ಬರೆಯುವ ಪತ್ರ, ವರ್ಷಕ್ಕೆ 2 ಕೋಟಿ ರೂಪಾಯಿಯ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ, ತಾಲ್ಲೂಕು ಮಟ್ಟದ ಒಂದಷ್ಟು ಸಮಿತಿಗಳ ಅಧ್ಯಕ್ಷತೆ, ಸದನದಲ್ಲಿ ಎದ್ದು ಕೇಳುವ ಹಕ್ಕು. ನಿಮ್ಮ ಕೆಲಸಕ್ಕೆ ಇವುಗಳಲ್ಲಿ ಯಾವುದು ಬೇಕು ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿಕೊಂಡು ಹೋದರೆ ಅರ್ಧ ಕೆಲಸ ಮುಗಿದಂತೆ.

ನಿಮ್ಮ ಕ್ಷೇತ್ರ ಯಾವುದು

ಇದೇನು ಕೇಳುವ ಮಾತೇ ಅನ್ನಿಸಬಹುದು. ಆದರೆ ತಾಲ್ಲೂಕಿನ ಗಡಿಯೂ ವಿಧಾನಸಭಾ ಕ್ಷೇತ್ರದ ಗಡಿಯೂ ಎಷ್ಟೋ ಕಡೆ ಒಂದೇ ಅಲ್ಲ. ವರುಣ ಕ್ಷೇತ್ರವನ್ನೇ ನೋಡಿ: ಮೈಸೂರು, ನಂಜನಗೂಡು, ತಿ. ನರಸೀಪುರ, ಈ ಮೂರೂ ತಾಲ್ಲೂಕುಗಳ ಹಳ್ಳಿಗಳು ಅದರಲ್ಲಿವೆ. ಅಲ್ಲಿನ ಒಂದು ಹಳ್ಳಿಯವರ ತಹಶೀಲ್ದಾರರು ನಂಜನಗೂಡಿನಲ್ಲಿರಬಹುದು, ಆದರೆ ಅವರ ಶಾಸಕರು ನಂಜನಗೂಡಿನ ಶಾಸಕರಲ್ಲ. ಪಕ್ಕದ ಕ್ಷೇತ್ರದ ಶಾಸಕರಿಗೆ ಮನವಿ ಕೊಟ್ಟರೆ ಅವರು ನಗುನಗುತ್ತಲೇ ತೆಗೆದುಕೊಳ್ಳುತ್ತಾರೆ. ಅದು ಮುಂದಕ್ಕೆ ಹೋಗುವುದಿಲ್ಲ, ಅಷ್ಟೆ.

ಮತದಾರರ ಗುರುತಿನ ಚೀಟಿಯ ಮೇಲೆ ಕ್ಷೇತ್ರದ ಸಂಖ್ಯೆ ಮತ್ತು ಹೆಸರು ಅಚ್ಚಾಗಿರುತ್ತದೆ. ರಾಜ್ಯದಲ್ಲಿ ಒಟ್ಟು 224 ಕ್ಷೇತ್ರಗಳಿವೆ. ನಿಪ್ಪಾಣಿ 1, ಗುಂಡ್ಲುಪೇಟೆ 224. ಚೀಟಿ 2008ಕ್ಕಿಂತ ಹಳೆಯದಾದರೆ ನಂಬಬೇಡಿ. ಆ ವರ್ಷ ಜಾರಿಗೆ ಬಂದ ಕ್ಷೇತ್ರ ಮರುವಿಂಗಡಣೆಯಲ್ಲಿ ಗಡಿಗಳು ಕದಲಿದವು, ಕೆಲವು ಕ್ಷೇತ್ರಗಳು ಹೇಳಹೆಸರಿಲ್ಲದೆ ಹೋದವು. 2004ರಲ್ಲಿ ಒಂದೇ ಒಂದು ಮತದ ಅಂತರದಿಂದ ಫಲಿತಾಂಶ ಬಂದ ಸಂತೆಮರಹಳ್ಳಿ ಹಾಗೆ ಅಳಿದುಹೋದ ಕ್ಷೇತ್ರಗಳಲ್ಲೊಂದು. ಅನುಮಾನವಿದ್ದರೆ ಚುನಾವಣಾ ಆಯೋಗದ ಮತದಾರರ ಸೇವಾ ಪೋರ್ಟಲ್‌ನಲ್ಲಿ ಚೀಟಿಯ ಸಂಖ್ಯೆ ಹಾಕಿ ನೋಡಿ, ಇಲ್ಲವೇ 1950ಕ್ಕೆ ಕರೆ ಮಾಡಿ. ವಿಳಾಸ ಬದಲಾಗಿದ್ದರೆ ನಮೂನೆ 8 ತುಂಬಿ ಸರಿಪಡಿಸಿಕೊಳ್ಳಿ. ಮನವಿಯ ಕೆಳಗೆ ಸಹಿ ಹಾಕುವವರು ಆ ಕ್ಷೇತ್ರದ ಮತದಾರರಾಗಿದ್ದರೆ ಅದಕ್ಕೊಂದು ತೂಕ ಬರುತ್ತದೆ. ಸಹಿಯ ಪಕ್ಕದಲ್ಲಿ ಮತಗಟ್ಟೆಯ ಭಾಗ ಸಂಖ್ಯೆ ಬರೆದಿದ್ದರಂತೂ ಆಪ್ತ ಸಹಾಯಕರ ಕಣ್ಣು ತಾನಾಗಿ ಅರಳುತ್ತದೆ.

ಇದು ಶಾಸಕರ ಕೆಲಸವೇ

ಚರಂಡಿ ಕಟ್ಟಿಕೊಂಡದ್ದು, ಬೀದಿದೀಪ ಆರಿದ್ದು, ಇ-ಸ್ವತ್ತು (ಪಂಚಾಯಿತಿ ಕೊಡುವ ಆಸ್ತಿಯ ಡಿಜಿಟಲ್ ದಾಖಲೆ) ಸಿಗದಿದ್ದು ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಬಗೆಹರಿಸಬೇಕಾದ ಸಂಗತಿಗಳು. ಪಟ್ಟಣದಲ್ಲಾದರೆ ವಾರ್ಡಿನ ಸದಸ್ಯರು ಮತ್ತು ಮುಖ್ಯಾಧಿಕಾರಿ. ವೃದ್ಧಾಪ್ಯ ವೇತನ, ಜಾತಿ-ಆದಾಯ ಪ್ರಮಾಣಪತ್ರ ಇತ್ಯಾದಿಗಳಿಗೆ ನಾಡಕಚೇರಿ ಇದೆ. ಅಲ್ಲಿ ಅರ್ಜಿ ಹಾಕುವಾಗ ಸಕಾಲದ (ನಿಗದಿತ ಅವಧಿಯೊಳಗೆ ಸೇವೆ ಕೊಡಬೇಕೆಂಬ ಯೋಜನೆಯ) ಸ್ವೀಕೃತಿ ಪಡೆದಿದ್ದರೆ, ಅವಧಿ ಮೀರಿದಾಗ ಮೇಲ್ಮನವಿ ಹಾಕುವ ಹಕ್ಕು ಕಾನೂನಿನಲ್ಲೇ ಇದೆ; ಶಾಸಕರ ಮಾತಿಗಿಂತ ಆ ಸ್ವೀಕೃತಿಯ ಸಂಖ್ಯೆ ಗಟ್ಟಿ. ಕರೆಂಟಿನ ದೂರಿಗೆ 1912, ಬೇರೆ ಇಲಾಖೆಗಳ ದೂರಿಗೆ 1902. ರೈಲ್ವೆ, ಅಂಚೆ, ರಾಷ್ಟ್ರೀಯ ಹೆದ್ದಾರಿ ಸಂಸದರ ಬಾಬತ್ತು. ನ್ಯಾಯಾಲಯದಲ್ಲಿರುವ ವ್ಯಾಜ್ಯ, ಪೊಲೀಸ್ ತನಿಖೆಯಲ್ಲಿರುವ ಪ್ರಕರಣಗಳನ್ನು ತೆಗೆದುಕೊಂಡು ಹೋಗಲೇಬೇಡಿ.

ರಸ್ತೆಯ ವಿಷಯದಲ್ಲೇ ಎಲ್ಲರೂ ಎಡವುವುದು. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಗೆ ಸೇರಿದವು. ಹಳ್ಳಿಯಿಂದ ಹಳ್ಳಿಗೆ ಹೋಗುವ ಗ್ರಾಮೀಣ ರಸ್ತೆ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ್ದು. ಊರೊಳಗಿನ ಕೇರಿಯ ರಸ್ತೆ ಗ್ರಾಮ ಪಂಚಾಯಿತಿಯದ್ದು. ನಿಮ್ಮ ರಸ್ತೆ ಯಾರದ್ದೆಂದು ಗೊತ್ತಿಲ್ಲದಿದ್ದರೆ ತಾಲ್ಲೂಕಿನ ಪಂಚಾಯತ್ ರಾಜ್ ಇಂಜಿನಿಯರಿಂಗ್ ಉಪವಿಭಾಗಕ್ಕೆ ಹೋಗಿ ಕೇಳಿ, ಐದು ನಿಮಿಷದ ಕೆಲಸ. ಹಾಗೆ ಕೇಳದೆ ಕೊಟ್ಟ ಮನವಿ ಒಂದು ಇಲಾಖೆಯಿಂದ 'ಸದರಿ ರಸ್ತೆಯು ನಮ್ಮ ವ್ಯಾಪ್ತಿಗೆ ಬರುವುದಿಲ್ಲ' ಎಂಬ ಹಿಂಬರಹ ಹೊತ್ತು ವಾಪಸು ಬರಲು ಎರಡು ತಿಂಗಳು ತೆಗೆದುಕೊಳ್ಳುತ್ತದೆ.

ಹಾಗೆಂದು ಪಂಚಾಯಿತಿ ಮಟ್ಟದ ಕೆಲಸಕ್ಕೆ ಶಾಸಕರಲ್ಲಿಗೆ ಹೋಗುವವರನ್ನು ತಪ್ಪು ಎನ್ನಲೂ ಆಗದು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ನಡುವಿನ ಎರಡು ಮೆಟ್ಟಿಲು ಇಲ್ಲವಾದಾಗ ಜನ ನೇರ ಮೇಲಿನ ಮೆಟ್ಟಿಲಿಗೆ ಕಾಲಿಡುತ್ತಾರೆ.

ಮನವಿ ಪತ್ರ

ಒಂದು ಪುಟ, ಒಂದು ವಿಷಯ. ಮೂರು ಬೇಡಿಕೆಗಳಿದ್ದರೆ ಮೂರು ಪತ್ರ ಬರೆಯಿರಿ, ಏಕೆಂದರೆ ಮೂರೂ ಮೂರು ಕಡತಕ್ಕೆ ಹೋಗಬೇಕು. ಒಂದೇ ಹಾಳೆಯಲ್ಲಿ ರಸ್ತೆ, ಸ್ಮಶಾನ, ಬಸ್ಸು ಎಲ್ಲ ತುಂಬಿದರೆ ಮೊದಲ ಸಾಲಿನ ವಿಷಯಕ್ಕೆ ಮಾತ್ರ ಪತ್ರ ಹೋಗಿ ಉಳಿದವು ಅಲ್ಲೇ ನಿಲ್ಲುತ್ತವೆ.

ಪತ್ರದಲ್ಲಿ ಅತಿ ಮುಖ್ಯವಾದದ್ದು 'ವಿಷಯ' ಎಂಬ ಸಾಲು. ಕಾಮಗಾರಿ ಮಂಜೂರಾದರೆ ಕ್ರಿಯಾ ಯೋಜನೆಯಲ್ಲಿ, ಅಂದಾಜು ಪಟ್ಟಿಯಲ್ಲಿ, ಟೆಂಡರಿನಲ್ಲಿ, ಕೊನೆಗೆ ಬಿಲ್ಲಿನಲ್ಲಿ ಓಡಾಡುವುದು ಬಹುತೇಕ ನೀವು ಬರೆದ ಆ ಒಂದು ಸಾಲೇ. 'ಗ್ರಾಮದಲ್ಲಿ ಸಿಸಿ ರಸ್ತೆ ನಿರ್ಮಾಣ' ಎಂದು ಬರೆದಿರೋ, ರಸ್ತೆ ಊರಿನ ಯಾವ ಮೂಲೆಯಲ್ಲಿ ಬೇಕಾದರೂ ಆಗಬಹುದು. ಪ್ರಭಾವಿಗಳ ಮನೆ ಮುಂದೆ ಆದರೂ ದಾಖಲೆಯ ಪ್ರಕಾರ ತಪ್ಪೇನಿಲ್ಲ. ಅದನ್ನೇ ಹೀಗೆ ಬರೆಯಿರಿ:

'ವಿಷಯ: ಗ್ರಾಮದ ಪರಿಶಿಷ್ಟ ಜಾತಿ ಕಾಲೋನಿಯಲ್ಲಿ ಅಂಗನವಾಡಿ ಕೇಂದ್ರದಿಂದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಗೇಟಿನವರೆಗೆ 180 ಮೀಟರ್ ಉದ್ದ, 3 ಮೀಟರ್ ಅಗಲದ ಸಿಸಿ ರಸ್ತೆ ಹಾಗೂ ಒಂದು ಬದಿಗೆ ಚರಂಡಿ ನಿರ್ಮಿಸಲು ಶಾಸಕರ ನಿಧಿಯಿಂದ ಅನುದಾನ ಕೋರಿ.'

ಎಲ್ಲಿಂದ, ಎಲ್ಲಿಯವರೆಗೆ, ಎಷ್ಟು, ಯಾವ ಹಣದಿಂದ ಎಂಬ ನಾಲ್ಕೂ ಆ ಸಾಲಿನಲ್ಲಿವೆ. ಉದ್ದವನ್ನು ಟೇಪು ಹಿಡಿದು ಅಳೆಯಿರಿ, ಅಂದಾಜಿನ ಮೇಲೆ ಬರೆಯಬೇಡಿ. ಒಮ್ಮೆ ಅನುಮೋದನೆಯಾದ ಕಾಮಗಾರಿಯ ಹೆಸರು ಅಥವಾ ಜಾಗ ಬದಲಿಸಬೇಕೆಂದರೆ 'ಬದಲಿ ಕಾಮಗಾರಿ' ಎಂದು ಮತ್ತೆ ಮೊದಲಿನಿಂದ ಅನುಮೋದನೆ ಪಡೆಯಬೇಕು. ಅಷ್ಟು ಹೊತ್ತಿಗೆ ಮಾರ್ಚ್ ಬಂದಿರುತ್ತದೆ.

ಒಡಲಿನಲ್ಲಿ ಆರೇಳು ಸಾಲು ಸಾಕು: ಎಷ್ಟು ಮನೆಗಳಿವೆ, ಈಗಿನ ಸ್ಥಿತಿ ಏನು, ಮೊದಲು ಯಾರಿಗೆ ಅರ್ಜಿ ಕೊಟ್ಟಿದ್ದಿರಿ, ಅದರ ದಿನಾಂಕ. ಹಳೆಯ ಅರ್ಜಿಗಳನ್ನು 'ಉಲ್ಲೇಖ' ಎಂಬಲ್ಲಿ ಬರೆದು ಪ್ರತಿ ಲಗತ್ತಿಸಿ. ಜಾಗದ ದಾಖಲೆಯೂ ಜತೆಗಿರಲಿ: ಗ್ರಾಮಠಾಣಾ (ಊರ ವಸತಿ ಪ್ರದೇಶದ) ಜಾಗವಾದರೆ ಪಂಚಾಯಿತಿಯ ದೃಢೀಕರಣ, ಸರ್ವೆ ನಂಬರಿನದ್ದಾದರೆ ಪಹಣಿ. ಎರಡು ಫೋಟೊ, ಗ್ರಾಮ ಸಭೆಯ ನಡಾವಳಿಯ ಪ್ರತಿ ಇದ್ದರಂತೂ ಬಹಳ ಒಳ್ಳೆಯದು. ಗ್ರಾಮ ಸಭೆ ಒಪ್ಪಿದ ಬೇಡಿಕೆಗೆ 'ಇದು ಒಂದು ಗುಂಪಿನವರ ಕೆಲಸ' ಎಂಬ ತಕರಾರು ಬರುವುದಿಲ್ಲ. ಹೊಗಳಿಕೆಯ ಪೀಠಿಕೆ, 'ಬಡವರ ಬಂಧು' ಇತ್ಯಾದಿ ಬೇಡ. ಅದನ್ನು ಓದುವವರು ಆಪ್ತ ಸಹಾಯಕರು. ಅವರಿಗೆ ಬೇಕಾದದ್ದು ಅಳತೆ ಮತ್ತು ಫೋನ್ ನಂಬರ್.

ಮೂರು ಪ್ರತಿ ಒಯ್ಯಿರಿ: ಕಚೇರಿಗೆ ಒಂದು, ಶಾಸಕರ ಶರಾ (ಕೈಬರಹದ ಸೂಚನೆ) ಬರೆಸಿಕೊಂಡು ಇಲಾಖೆಗೆ ಒಯ್ಯಲು ಒಂದು, ಸೀಲು ಹಾಕಿಸಿಕೊಂಡು ನಿಮ್ಮ ಹತ್ತಿರ ಇಟ್ಟುಕೊಳ್ಳಲು ಒಂದು.

ಕಚೇರಿಯಲ್ಲಿ

ನಾಲ್ಕೈದು ಜನ ಹೋದರೆ ಸಾಕು, ಅದರಲ್ಲಿ ಇಬ್ಬರು ಹೆಣ್ಣುಮಕ್ಕಳಿರಲಿ. ಮಾತಾಡುವವರು ಒಬ್ಬರೇ. ಟ್ರ್ಯಾಕ್ಟರಿನಲ್ಲಿ ಐವತ್ತು ಜನ ಹೋದರೆ ಅದು ಭೇಟಿಯಾಗದೆ ಸಭೆಯಾಗುತ್ತದೆ. ಸಭೆಯಲ್ಲಿ ಭರವಸೆ ಸಿಗುತ್ತದೆ, ಸಹಿ ಸಿಗುವುದಿಲ್ಲ. ಅಧಿವೇಶನದ ದಿನಗಳಲ್ಲಿ ಶಾಸಕರು ಕ್ಷೇತ್ರದಲ್ಲಿ ಇರುವುದಿಲ್ಲ, ಮದುವೆ-ಗೃಹಪ್ರವೇಶಗಳ ದಿನ ಇದ್ದರೂ ಕೂರುವುದಿಲ್ಲ. ಆಪ್ತ ಸಹಾಯಕರಿಗೆ ಹಿಂದಿನ ದಿನ ಫೋನ್ ಮಾಡಿ ಕೇಳಿಕೊಂಡು ಹೋಗಿ.

ಈಗ ಶರಾದ ವಿಚಾರ. ಶಾಸಕರು ಮನವಿಯ ಮೇಲ್ಭಾಗದಲ್ಲಿ ಹಸಿರು ಅಥವಾ ನೀಲಿ ಶಾಯಿಯಲ್ಲಿ ಒಂದು ಸಾಲು ಬರೆದು ಸಹಿ ಹಾಕುತ್ತಾರೆ. 'ಪರಿಶೀಲಿಸಿ, ನಿಯಮಾನುಸಾರ ಕ್ರಮ ಕೈಗೊಳ್ಳಿ' ಎಂದಿದ್ದರೆ ಅದನ್ನು ಸಭ್ಯ ಸೊನ್ನೆ ಎಂದು ತಿಳಿಯಿರಿ. ಅಧಿಕಾರಿಗೂ ಹಾಗೆಂದೇ ಗೊತ್ತು. 'ಸ್ಥಳ ಪರಿಶೀಲಿಸಿ ಅಂದಾಜು ಪಟ್ಟಿ ತಯಾರಿಸಿ ಸಲ್ಲಿಸುವುದು' ಎಂದು ಹುದ್ದೆಯ ಹೆಸರು ಸಮೇತ ಬರೆದಿದ್ದರೆ ಅದಕ್ಕೆ ಬೆಲೆ ಇದೆ. ಶರಾಕ್ಕಿಂತಲೂ ಮೇಲಿನದು ಲೆಟರ್‌ಹೆಡ್‌ನಲ್ಲಿ ಪ್ರತ್ಯೇಕ ಪತ್ರ, ಅದಕ್ಕೊಂದು ರವಾನೆ ಸಂಖ್ಯೆ. ಸಂಖ್ಯೆ ಇಲ್ಲದ ಪತ್ರವನ್ನು ಮುಂದೆ ಹುಡುಕಲು ಆಗುವುದಿಲ್ಲ. 'ಅಣ್ಣಾ, ಅಂದಾಜು ಪಟ್ಟಿ ಕೇಳಿ ಒಂದು ಪತ್ರ ಕೊಡಿಸಿ' ಎಂದು ಆಪ್ತ ಸಹಾಯಕರನ್ನು ಬಾಯಿಬಿಟ್ಟು ಕೇಳಿ. ಕೇಳದವರಿಗೆ ಶರಾ, ಕೇಳಿದವರಿಗೆ ಪತ್ರ.

ಪತ್ರ ಸಿಕ್ಕ ಮೇಲೆ 'ಕಚೇರಿಯಿಂದಲೇ ಕಳಿಸುತ್ತಾರೆ' ಎಂದು ಮನೆಗೆ ಹೋಗಬೇಡಿ. ಒಂದು ಪ್ರತಿಯನ್ನು ನೀವೇ ಇಲಾಖೆಯ ಟಪಾಲು ಶಾಖೆಗೆ ಕೊಟ್ಟು, ಇನ್‌ವರ್ಡ್ ನಂಬರ್ ಮತ್ತು ದಿನಾಂಕ ಬರೆಸಿಕೊಳ್ಳಿ.

2 ಕೋಟಿಯ ಲೆಕ್ಕ

ಶಾಸಕರ ನಿಧಿಯ ಹಣ ಶಾಸಕರ ಖಾತೆಗೆ ಬರುವುದಿಲ್ಲ, ಜಿಲ್ಲಾಧಿಕಾರಿಯ ಬಳಿಗೆ ಕಂತುಗಳಲ್ಲಿ ಬರುತ್ತದೆ. ಶಾಸಕರು ಶಿಫಾರಸು ಮಾಡುತ್ತಾರೆ, ಜಿಲ್ಲಾಧಿಕಾರಿ ಆಡಳಿತಾತ್ಮಕ ಅನುಮೋದನೆ ಕೊಡುತ್ತಾರೆ, ಲೋಕೋಪಯೋಗಿ, ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗ, ನಿರ್ಮಿತಿ ಕೇಂದ್ರ ಇಂಥ ಯಾವುದಾದರೊಂದು ಸಂಸ್ಥೆ ಕೆಲಸ ಮಾಡಿಸುತ್ತದೆ. ಕ್ಷೇತ್ರದಲ್ಲಿ 150 ಹಳ್ಳಿಗಳಿವೆ ಎಂದುಕೊಳ್ಳಿ: 2 ಕೋಟಿಯನ್ನು ಸಮನಾಗಿ ಹಂಚಿದರೆ ಹಳ್ಳಿಗೆ ವರ್ಷಕ್ಕೆ 1.33 ಲಕ್ಷ. ಸೇತುವೆ, ಕೆರೆ ಏರಿ, ಮೈಲುಗಟ್ಟಲೆ ಡಾಂಬರು ಈ ನಿಧಿಯಿಂದ ಆಗುವ ಮಾತಲ್ಲ. ಶಾಲೆಯ ಕೊಠಡಿ ದುರಸ್ತಿ, ಬಸ್ ತಂಗುದಾಣ, ತುಂಡು ರಸ್ತೆ, ಹೈಮಾಸ್ಟ್ ದೀಪ, ಶುದ್ಧ ಕುಡಿಯುವ ನೀರಿನ ಘಟಕ ಇವಕ್ಕೆ ಕೇಳಿ. ದೊಡ್ಡ ಕೆಲಸಕ್ಕಾದರೆ ಇಲಾಖೆಯ ಬಜೆಟ್ ಶೀರ್ಷಿಕೆಯಲ್ಲಿ ಸೇರಿಸಲು ಪತ್ರ ಕೇಳಿ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳವರಾದರೆ ಪ್ರದೇಶಾಭಿವೃದ್ಧಿ ಮಂಡಳಿಯ ಕ್ರಿಯಾ ಯೋಜನೆಯ ಹಣ ಶಾಸಕರ ನಿಧಿಗಿಂತ ಬಹಳ ದೊಡ್ಡದು. ಅಲ್ಲಿ ಅದನ್ನು ಬಿಟ್ಟು ಇದನ್ನು ಕೇಳುವುದು ತೆಂಗಿನಮರದ ಕೆಳಗೆ ಕೂತು ಎಳನೀರಿಗೆ ಅಂಗಡಿ ಹುಡುಕಿದಂತೆ. ಮಲೆನಾಡು ಮತ್ತು ಬಯಲುಸೀಮೆಗೂ ಅಭಿವೃದ್ಧಿ ಮಂಡಳಿಗಳಿವೆ. ವಿಧಾನ ಪರಿಷತ್ತಿನ ಸದಸ್ಯರಿಗೂ ಇಂಥದೇ ನಿಧಿ ಇರುವುದನ್ನು ಬಹಳ ಜನ ಮರೆತಿರುತ್ತಾರೆ. ಅವರ ಬಾಗಿಲಲ್ಲಿ ಸಾಲೂ ಕಡಿಮೆ.

ಶಿಫಾರಸಾದ ಮೇಲೆ ನಡೆಯುವ ಕ್ರಮ ಹೀಗಿದೆ: ಕಿರಿಯ ಇಂಜಿನಿಯರ್ ಜಾಗ ನೋಡಿ ಅಂದಾಜು ಪಟ್ಟಿ ಮಾಡುತ್ತಾರೆ, ಮೇಲಿನ ಇಂಜಿನಿಯರ್ ತಾಂತ್ರಿಕ ಮಂಜೂರಾತಿ ಕೊಡುತ್ತಾರೆ, ಆಡಳಿತಾತ್ಮಕ ಅನುಮೋದನೆ, ಟೆಂಡರ್, ಕಾರ್ಯಾದೇಶ, ಕೆಲಸ, ಅಳತೆ ಪುಸ್ತಕದಲ್ಲಿ ನಮೂದು, ಬಿಲ್ಲು. ಗುದ್ದಲಿ ಪೂಜೆ ಈ ಸಾಲಿನಲ್ಲಿ ಎಲ್ಲಿ ಬೇಕಾದರೂ ಬರಬಹುದು, ಕಾರ್ಯಾದೇಶಕ್ಕೆ ಮುಂಚೆಯೂ. ಹಾಗಾಗಿ ತೆಂಗಿನಕಾಯಿ ಒಡೆದ ದಿನವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕಾರ್ಯಾದೇಶದ ಸಂಖ್ಯೆ, ಅದರಲ್ಲಿರುವ ಮುಗಿಸಬೇಕಾದ ದಿನ, ಇವೆರಡನ್ನು ಕೇಳಿ ಬರೆದಿಟ್ಟುಕೊಳ್ಳಿ.

ಕಡತ ನಿಲ್ಲುವುದು ಹೆಚ್ಚಾಗಿ ಮೂರು ಜಾಗದಲ್ಲಿ. ಒಂದು, ಜಾಗದ ತಕರಾರು: ಖಾಸಗಿ ಸ್ವತ್ತಿನ ಅಂಚು ತಾಗಿದರೂ ಪಕ್ಕದವರ ಒಂದು ಅರ್ಜಿ ಸಾಕು. ಎರಡು, ಅದೇ ರಸ್ತೆ ಬೇರೊಂದು ಯೋಜನೆಯಲ್ಲಿ ಆಗಲೇ ಸೇರಿರುವುದು. ಒಂದೇ ಕೆಲಸಕ್ಕೆ ಎರಡು ಕಡೆಯ ಹಣ ಹಾಕಲು ಬರುವುದಿಲ್ಲ, ಆದ್ದರಿಂದ ಮೊದಲೇ ಪಂಚಾಯಿತಿಯ ಕ್ರಿಯಾ ಯೋಜನೆ ನೋಡಿಕೊಂಡಿರಿ. ಮೂರನೆಯದು ಮೋಸದಂತೆ ಕಂಡರೂ ಬರೀ ಗಣಿತ: 5 ಲಕ್ಷ ಇಟ್ಟಿದ್ದಾರೆ, ನಿಮ್ಮ 180 ಮೀಟರಿಗೆ ಅಂದಾಜು ಬಂದಿರುವುದು 9 ಲಕ್ಷ ಅಂದರೆ ರಸ್ತೆ 100 ಮೀಟರಿಗೆ ನಿಲ್ಲುತ್ತದೆ. ಗುತ್ತಿಗೆದಾರರೊಂದಿಗೆ ಜಗಳಕ್ಕೆ ಇಳಿಯುವ ಮುನ್ನ ಅಂದಾಜು ಪಟ್ಟಿ ಓದಿ.

ಅದನ್ನು ಓದಲು ಇಂಜಿನಿಯರ್ ಆಗಬೇಕಿಲ್ಲ. ಉದ್ದ, ಅಗಲ, ದಪ್ಪ ಈ ಮೂರು ನೋಡಿದರೆ ಸಾಕು. 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪ ಎಂದಿದ್ದರೆ 45 ಘನ ಮೀಟರ್ ಕಾಂಕ್ರೀಟು ಬೀಳಬೇಕು. ರಸ್ತೆಯ ಅಂಚಿಗೆ ಕಟ್ಟುವ ಪಟ್ಟಿಯ ಎತ್ತರವನ್ನು ಕಾಂಕ್ರೀಟು ಹಾಕುವ ಮುನ್ನವೇ ಅಳೆಯಿರಿ; ಹಾಕಿದ ಮೇಲೆ ಅಂಚಿನಲ್ಲಿ 15 ಕಂಡರೂ ನಡುವೆ 10 ಇರುವುದು ಹಳೆಯ ಚಾಳಿ. ಹಾಕಿದ ಮಾರನೆಯ ದಿನದಿಂದ ಕನಿಷ್ಠ 14 ದಿನ ಕಾಂಕ್ರೀಟಿನ ಮೇಲೆ ನೀರು ನಿಂತಿರುವಂತೆ ನೋಡಿಕೊಳ್ಳಬೇಕು. ಮೂರೇ ದಿನಕ್ಕೆ ನೀರು ಹಾಕುವುದನ್ನು ಕೈಬಿಟ್ಟರೆ ಮುಂದಿನ ಮಳೆಗಾಲಕ್ಕೆ ಜಲ್ಲಿ ಮೇಲೇಳುತ್ತದೆ. ತಕರಾರಿದ್ದರೆ ಬಿಲ್ಲು ಆಗುವ ಮುನ್ನ ಬರೆದುಕೊಡಿ, ಆಮೇಲೆ ಕೊಟ್ಟದ್ದಕ್ಕೆ ಕಾವು ಕಡಿಮೆ.

ಸಮಿತಿಗಳು ಮತ್ತು ಕೆಡಿಪಿ ಸಭೆ

ಶಾಸಕರ ಹಣಕ್ಕಿಂತ ಅವರ ಕುರ್ಚಿಗಳು ದೊಡ್ಡವು ಎಂಬುದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಬಗರ್ ಹುಕುಂ (ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನಿನಲ್ಲಿ ಮಾಡುತ್ತಿರುವ) ಸಾಗುವಳಿ ಸಕ್ರಮ ಸಮಿತಿಗೆ ಅವರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ನಮೂನೆ 50, 53 ಅಥವಾ 57ರಲ್ಲಿ ಅರ್ಜಿ ಹಾಕಿ ಕಾಯುತ್ತಿರುವವರು ಶಾಸಕರನ್ನು ಕೇಳಬೇಕಾದದ್ದು 'ನಮಗೆ ಜಮೀನು ಕೊಡಿಸಿ' ಎಂದಲ್ಲ, 'ಮುಂದಿನ ಸಭೆಯ ಪಟ್ಟಿಯಲ್ಲಿ ನಮ್ಮ ಅರ್ಜಿ ಸಂಖ್ಯೆ ಸೇರಿಸಿ' ಎಂದು. ಪಟ್ಟಣದ ಆಶ್ರಯ ಸಮಿತಿ, ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ, ಸರ್ಕಾರಿ ಪಿಯು ಕಾಲೇಜಿನ ಅಭಿವೃದ್ಧಿ ಸಮಿತಿ, ಗಂಗಾ ಕಲ್ಯಾಣ ಕೊಳವೆಬಾವಿಯ ಫಲಾನುಭವಿ ಆಯ್ಕೆ, ಇಲ್ಲೆಲ್ಲ ಅಧ್ಯಕ್ಷತೆ ಶಾಸಕರದ್ದು. ಆಸ್ಪತ್ರೆಯ ಜನರೇಟರ್ ಕೆಟ್ಟಿದ್ದರೆ ಆರೋಗ್ಯ ಸಚಿವರಿಗೆ ಪತ್ರ ಬರೆಯುವ ಬದಲು ರಕ್ಷಾ ಸಮಿತಿಯ ಸಭೆ ಕರೆಯಿರಿ ಎಂದು ಕೇಳುವುದು ಹತ್ತಿರದ ದಾರಿ.

ತಾಲ್ಲೂಕು ಮಟ್ಟದ ತ್ರೈಮಾಸಿಕ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮಗಳ ಪ್ರಗತಿ ಪರಿಶೀಲನಾ) ಸಭೆಯೂ ಶಾಸಕರ ಅಧ್ಯಕ್ಷತೆಯಲ್ಲೇ ನಡೆಯುತ್ತದೆ. ಎಲ್ಲ ಇಲಾಖೆಗಳ ತಾಲ್ಲೂಕು ಅಧಿಕಾರಿಗಳು ಅಂದು ಒಂದೇ ಕೋಣೆಯಲ್ಲಿರುತ್ತಾರೆ. ಸಭೆಗೆ ನಾಲ್ಕು ದಿನ ಮೊದಲು ಅರ್ಧ ಪುಟದ ಟಿಪ್ಪಣಿ ಕೊಡಿ: ಇಲಾಖೆ, ನಿಮ್ಮ ಅರ್ಜಿಯ ಇನ್‌ವರ್ಡ್ ನಂಬರ್, ಕಳೆದ ದಿನಗಳೆಷ್ಟು, ಕೇಳಬೇಕಾದ ಒಂದೇ ಪ್ರಶ್ನೆ. ಶಾಸಕರು ಅದನ್ನು ಹಾಗೆಯೇ ಓದಿ ಕೇಳಿದರೆ ಅಧಿಕಾರಿಯ ಉತ್ತರ ನಡಾವಳಿಯಲ್ಲಿ ದಾಖಲಾಗುತ್ತದೆ, ಮುಂದಿನ ಸಭೆಯಲ್ಲಿ ಅನುಪಾಲನಾ ವರದಿ ಕೊಡಬೇಕಾಗುತ್ತದೆ. ಸಮಿತಿಗಳಾಚೆ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಕೆಲಸ ಮಾಡಿಸುವ ದಾರಿ ಇದೇ.

ಸದನದಲ್ಲಿ ಕೇಳಿಸುವುದು

ಒಂದು ಇಲಾಖೆ ಉತ್ತರವನ್ನೇ ಕೊಡುತ್ತಿಲ್ಲ, ಅಥವಾ ಸಮಸ್ಯೆ ಇಡೀ ಕ್ಷೇತ್ರದ್ದು ಎಂದಾದಾಗ ಮಾತ್ರ ಇದಕ್ಕೆ ಕೈಹಾಕಿ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಬಾಯಿಮಾತಿನಲ್ಲಿ ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆಯನ್ನೂ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ. ಅಂಕಿ-ಅಂಶ ಬೇಕಿದ್ದರೆ ಚುಕ್ಕೆಯಿಲ್ಲದ್ದೇ ಮೇಲು, ಪಟ್ಟಿ ಸಮೇತ ಉತ್ತರ ಬರುತ್ತದೆ. ತುರ್ತು ಸಂಗತಿಗೆ ನಿಯಮ 73ರಡಿ ಗಮನ ಸೆಳೆಯುವ ಸೂಚನೆ ಇದೆ. ಪ್ರಶ್ನೆಯ ಕರಡನ್ನು ನೀವೇ ಬರೆದುಕೊಡಿ: 'ಈ ಕ್ಷೇತ್ರದಲ್ಲಿ ಮಂಜೂರಾದ ಹುದ್ದೆಗಳೆಷ್ಟು, ಖಾಲಿ ಎಷ್ಟು, ಯಾವಾಗ ತುಂಬಲಾಗುವುದು' ಎಂಬಂತೆ, ಅ, ಆ, ಇ ಎಂದು ಒಡೆದು. ನೋಟಿಸಿನ ಅವಧಿ ಇರುವುದರಿಂದ ಅಧಿವೇಶನ ಶುರುವಾಗಲು ಕನಿಷ್ಠ ಮೂರು ವಾರ ಇರುವಾಗ ತಲುಪಿಸಿ. ಬೆಳಗಾವಿಯ ಸುವರ್ಣ ವಿಧಾನಸೌಧದ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರಿನಲ್ಲಿ. ಅದಕ್ಕೆ ನವೆಂಬರ್ ಮೊದಲ ವಾರವೇ ತಯಾರಾಗಿರಬೇಕು. ಸಚಿವರು ಸದನದಲ್ಲಿ 'ಕೊಡಲಾಗುವುದು' ಎಂದು ಬಾಯಿಬಿಟ್ಟರೆ ಅದು ಸರ್ಕಾರಿ ಭರವಸೆಗಳ ಸಮಿತಿಯ ಪಟ್ಟಿಗೆ ಹೋಗಬಲ್ಲದು, ಹಾಗಾಗಿ ದಿನಾಂಕ ಬರೆದಿಟ್ಟುಕೊಳ್ಳಿ.

ನಿಮ್ಮ ಶಾಸಕರೇ ಸಚಿವರಾಗಿದ್ದರೆ ಅವರು ಸದನದಲ್ಲಿ ಪ್ರಶ್ನೆ ಕೇಳುವಂತಿಲ್ಲ. ಸಭಾಧ್ಯಕ್ಷರಾಗಿದ್ದರೂ ಅಷ್ಟೇ. ಆಗ ಪರಿಷತ್ ಸದಸ್ಯರನ್ನೋ ಪಕ್ಕದ ಕ್ಷೇತ್ರದವರನ್ನೋ ಹಿಡಿಯಬೇಕು.

ಬೆನ್ನು ಬಿಡದಿರುವುದು

ಪತ್ರ ಇಲಾಖೆಗೆ ಸೇರಿದ ಹದಿನೈದನೇ ದಿನ ಹೋಗಿ ಯಾವ ಗುಮಾಸ್ತರ ಮೇಜಿನಲ್ಲಿದೆ, ಕಡತ ಸಂಖ್ಯೆ ಏನು ಕೇಳಿ. ಒಂದೂವರೆ ತಿಂಗಳಾದರೂ ಅಲ್ಲಾಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ, ಶುಲ್ಕ 10 ರೂಪಾಯಿ. 'ನನ್ನ ಮನವಿಗೆ ಏಕೆ ಕ್ರಮ ಕೈಗೊಂಡಿಲ್ಲ' ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಳ್ಳಿಬಿಡುತ್ತಾರೆ. 'ಇಂಥ ದಿನಾಂಕದ, ಇಂಥ ಇನ್‌ವರ್ಡ್ ನಂಬರಿನ ಪತ್ರದ ಮೇಲಿನ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ ಕೊಡಿ' ಎಂದು ಕೇಳಿ. 30 ದಿನದೊಳಗೆ ಉತ್ತರ ಬರಬೇಕು, ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಬಹಳ ಸಲ ಅರ್ಜಿ ಬಿದ್ದ ವಾರದಲ್ಲೇ ಇಂಜಿನಿಯರ್ ಟೇಪು ಹಿಡಿದು ಊರಿಗೆ ಬರುತ್ತಾರೆ.

ಕಾಲವೂ ಮುಖ್ಯ. ಆರ್ಥಿಕ ವರ್ಷ ಏಪ್ರಿಲ್‌ಗೆ ತೆರೆದು ಕ್ರಿಯಾ ಯೋಜನೆಗಳು ಮೊದಲ ತಿಂಗಳುಗಳಲ್ಲಿ ಸಿದ್ಧವಾಗುತ್ತವೆ, ನಿಧಿಗೆ ಸಂಬಂಧಿಸಿದ ಮನವಿ ಅಷ್ಟರೊಳಗೆ ಕೈಸೇರಿರಲಿ. ಬಜೆಟ್ಟಿನಲ್ಲಿ ಸೇರಬೇಕಾದ ದೊಡ್ಡ ಬೇಡಿಕೆಗೆ ಡಿಸೆಂಬರ್ ಸರಿಯಾದ ತಿಂಗಳು. ಫೆಬ್ರವರಿ-ಮಾರ್ಚ್‌ನಲ್ಲಿ ಹೋದರೆ ಹಣ ಮುಗಿದಿರುತ್ತದೆ, ಇಲ್ಲವೇ ವಾಪಸು ಹೋಗದಿರಲೆಂದು ಸಿಕ್ಕಸಿಕ್ಕ ಕಾಮಗಾರಿಗೆ ಸುರಿಯುತ್ತಿರುತ್ತಾರೆ. ಜಾಗದ ದಾಖಲೆ, ಅಳತೆ, ಅಂದಾಜು ಎಲ್ಲ ಸಿದ್ಧವಿಟ್ಟುಕೊಂಡ ಊರಿಗೆ ಆ ಎರಡನೆಯ ಸ್ಥಿತಿಯೂ ಲಾಭವೇ. ಚುನಾವಣೆ ಘೋಷಣೆಯಾದರೆ ನೀತಿ ಸಂಹಿತೆ ಮುಗಿಯುವವರೆಗೆ ಹೊಸ ಮಂಜೂರಾತಿ ನಿಂತುಹೋಗುತ್ತದೆ, ಕಾರ್ಯಾದೇಶವಾಗಿ ಶುರುವಾದ ಕೆಲಸ ಮಾತ್ರ ಮುಂದುವರಿಯುತ್ತದೆ. ಆದ್ದರಿಂದ ಚುನಾವಣೆ ಹತ್ತಿರವಿದೆ ಅನ್ನಿಸಿದಾಗ ಗುದ್ದಲಿ ಪೂಜೆಯ ದಿನ ಗೊತ್ತುಮಾಡುವ ಮೊದಲು ಕಾರ್ಯಾದೇಶ ಆಗಿದೆಯೇ ಎಂದು ಕೇಳಿಕೊಳ್ಳಿ.